ಫೋಟೋದ ಹೊಟ್ಟೆಯೊಳಗಿನ ಮರಿ ಫೋಟೋ

ನನ್ನ ಕಂಪ್ಯೂಟರ್ ನಿಧಾನ ಎಂದು ನಾನು ಎಂದೂ ದೂರಿದವನಲ್ಲ. ದೂರುತ್ತಿದ್ದವಳು ನನ್ನ ಧರ್ಮಪತ್ನಿ ಸುವರ್ಣಾ. ಆಕೆಯ ದೂರುಗಳ ಪಟ್ಟಿಯಲ್ಲಿ ಇಪ್ಪತ್ತು ವರ್ಷದಿಂದ ಮೊದಲನೆಯ ನಂಬರು ನನ್ನದೇ ಇತ್ತು. ಈ ವರ್ಷ ಆ ಪದವಿಯನ್ನು ಕಂಪ್ಯೂಟರ್ ಕಸಿದುಕೊಂಡದ್ದು ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಸುಮ್ಮನೆ ಹಿಗ್ಗುತ್ತ ಕೂತಿದ್ದರೆ ಆಗುತ್ತಿತ್ತು. ರಿಪೇರಿ ಮಾಡಲು ಹೋದೆ.

ಸಿಂದಗಿ ಬಸ್‌ಸ್ಟ್ಯಾಂಡಿನಿಂದ ಒಳಗೆ ಬಂದರೆ ಎರಡನೆಯ ಓಣಿಯಲ್ಲಿ ನಮ್ಮ ಮನೆ. ಮುಂದಿನ ಖೋಲಿ ಫೋಟೋ ಸ್ಟುಡಿಯೋ, ಹಿಂದಿನ ಎರಡು ಖೋಲಿ ಸಂಸಾರ, ನಡುವೆ ಒಂದು ಪರದೆ. ಪರದೆಯ ಆಚೆ ನಾನು ಸೋಮನಿಂಗ ಮಾಲಕ, ಈಚೆ ಬಂದರೆ ಕೂಲಿಯಾಳು. ಈ ಭಾಗದ ಮದುವೆ, ಬಸಿರಿಯ ಕುಬುಸ, ಕೂಸಿನ ಜವಳ, ಮಾಸ್ತರರ ನಿವೃತ್ತಿ, ಎಲ್ಲಕ್ಕೂ ನಾನೇ ಹೋಗಿದ್ದೇನೆ. ಸಾವಿಗೂ ಹೋಗಿದ್ದೇನೆ. ನಮ್ಮ ಕಡೆ ತೀರಿಹೋದವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಮನೆಮಂದಿಯೆಲ್ಲ ಸುತ್ತ ಕುಳಿತು ಕಡೆಯ ಫೋಟೋ ಒಂದನ್ನು ತೆಗೆಸುವುದುಂಟು. ಮದುವೆಯಲ್ಲಿ ‘ಈ ಕಡೆ ನೋಡ್ರಿ, ಅಲುಗಾಡಬ್ಯಾಡ್ರಿ’ ಎಂದು ಗಂಟಲು ಹರಿದುಕೊಳ್ಳುವ ನಾನು ಅಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತೇನೆ. (ನಡುವೆ ಕೂತವರು ಅಲುಗಾಡುವುದಿಲ್ಲ. ಅಷ್ಟು ಶಿಸ್ತಿನ ಗಿರಾಕಿ ಬದುಕಿದ್ದವರಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ.)

ಹೀಗೆ ಹುಟ್ಟಿದವರು, ಕಟ್ಟಿಕೊಂಡವರು, ಹೋದವರು ಎಲ್ಲ ಕೂಡಿ ನನ್ನ ಕಂಪ್ಯೂಟರಿನಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಫೋಟೋ ಇದ್ದಾವೆ. ಅವನ್ನು ಸಾಲಾಗಿ ಜೋಡಿಸಿ ತೋರಿಸಲು ಒಂದು ಸಾಫ್ಟ್‌ವೇರ್. ಅದನ್ನು ತೆರೆದ ಕೂಡಲೇ ಸ್ಕ್ರೀನ್ ತುಂಬ ಬೂದು ಬಣ್ಣದ ಚೌಕಗಳು ಬರುತ್ತವೆ. ಆಮೇಲೆ ಒಂದೊಂದು ಚೌಕದಲ್ಲಿ ಒಂದೊಂದು ಫೋಟೋದ ಸಣ್ಣ ರೂಪ ಮೂಡಬೇಕು. ಅದಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಸುವರ್ಣಾ ಮರಿ ಫೋಟೋ ಎನ್ನುತ್ತಾಳೆ. ಈ ಮರಿಗಳು ನಮ್ಮಲ್ಲಿ ಸುಲಭಕ್ಕೆ ಹುಟ್ಟುತ್ತಿರಲಿಲ್ಲ. ಡಬ್ಬಿಯೊಳಗೆ ಏನೋ ಗರಗರ ಎನ್ನುವುದು, ಒಂದು ಮೂಡುವುದು, ಮತ್ತೆ ದಣಿವಾರಿಸಿಕೊಳ್ಳುವುದು. ಹತ್ತು ಮೂಡಿದ ಮೇಲೆ ಕೆಳಗೆ ಸರಿಸಿದರೆ ಮತ್ತೆ ಬೂದು. ‘ಅಯ್ಯೋ, ಮ್ಯಾಲಿಂದನ ಚಲೋ ಇತ್ತು’ ಎಂದು ವಾಪಸು ಹೋದರೆ ಮೊದಲು ಮೂಡಿದ್ದೂ ಬೂದು.

ಕಳೆದ ತಿಂಗಳು ಮನಗೂಳಿಯಿಂದ ಏಳು ಮಂದಿ ಬಂದಿದ್ದರು, ಮಗಳ ಮದುವೆಯ ಆಲ್ಬಮ್ಮಿಗೆ ಫೋಟೋ ಆರಿಸಲು. ಮುಂಜಾನೆ ಹತ್ತಕ್ಕೆ ಕೂತರು. ಸುವರ್ಣಾ ಒಂದು ಸಲ ಚಹಾ ತಂದಳು, ಎರಡು ಸಲ ತಂದಳು, ಮಧ್ಯಾಹ್ನಕ್ಕೆ ಚುರಮುರಿ ಒಗ್ಗರಣೆ ಹಾಕಿ ಸುಸಲಾ ಮಾಡಿದಳು. ಸಂಜೆ ನಾಲ್ಕಕ್ಕೆ ಇನ್ನೂ ಅರಿಷಿಣದ ಶಾಸ್ತ್ರವೇ ನಡೆದಿತ್ತು.

“ಏನ್ರಿ ಸೋಮನಿಂಗ, ಮದವಿ ಮೂರ ತಾಸಿನ್ಯಾಗ ಮುಗೀತು. ಅದರ ಫೋಟೋ ನೋಡೂದ ಆರ ತಾಸ ಆತಲ್ರಿ!” ಎಂದರು ಮದುಮಗಳ ಅಜ್ಜ.

“ಸಾವಕಾಶ ಆಗ್ಲಿ ಅಜ್ಜಾರ. ಜಲ್ದಿ ಏನೈತಿ?” ಎಂದೆ.

“ನನಗ ಎಂಬತ್ಮೂರಪ್ಪಾ. ಜಲ್ದಿ ಐತಿ.”

ಅವರು ಎಲ್ಲ ಫೋಟೋಗಳನ್ನೂ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಎದ್ದರು. ಆಲ್ಬಮ್ಮನ್ನು ಬೇರೆ ಕಡೆ ಮಾಡಿಸಿದರಂತೆ. ಅವರು ಓಣಿ ದಾಟುವುದನ್ನೇ ಕಾದು ಸುವರ್ಣಾ ಪರದೆ ಸರಿಸಿ ಬಂದಳು.

“ಇದು ಫೋಟೋ ಸ್ಟುಡಿಯೋನೋ, ಖಾನಾವಳಿಯೋ? ಬಂದಾವ್ರು ಉಂಡು ಹೋಗ್ತಾರ, ಕೆಲಸ ಬ್ಯಾರೆದಾವ್ರಿಗೆ ಕೊಡ್ತಾರ. ಅದನ್ನ ಏನರ ಮಾಡ್ತೀರೋ, ಇಲ್ಲಾ ನಾನ ಒಯ್ದು ಗುಜರಿಗೆ ಹಾಕಲೋ?”

“ಮಾಡಾಕತ್ತೇನಿ ಅಲ್ಲ?”

“ಏನ ಮಾಡಾಕತ್ತೀರಿ? ಅಮಾಸಿಗೊಮ್ಮೆ ನಿಂಬಿಹಣ್ಣ ಕಟ್ಟಾಕತ್ತೀರಿ!”

ಆ ಮಾತು ಸುಳ್ಳಲ್ಲ. ಬ್ರಷ್ ಹಾಕಿ ಧೂಳು ತೆಗೆದಿದ್ದೆ, ಬೇಸಿಗೆಯಲ್ಲಿ ಮನೆಯ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ನಾನು ಬೆವರಿದ್ದೆ, ಅಮಾವಾಸ್ಯೆಗೆ ನಿಂಬೆಹಣ್ಣು ಮೆಣಸಿನಕಾಯಿಯನ್ನೂ ಕಟ್ಟಿದ್ದೆ. ಯಂತ್ರ ಯಾವುದಕ್ಕೂ ಜಗ್ಗಿರಲಿಲ್ಲ.

ಹೀಗಿರುವಾಗ ದೇವಣಗಾಂವದಿಂದ ಸಂಗುನ ಫೋನು ಬಂತು. ಸಂಗು ನನ್ನ ಹೆಂಡತಿಯ ತಮ್ಮ, ಲಾರಿ ಓಡಿಸುತ್ತಾನೆ. ಅಲ್ಲಿ ಹೊಸ ಮನೆ ಕಟ್ಟಿಸಿದ್ದ.

“ಮಾಮಾ, ಬರೋ ಸೋಮವಾರ ಹೊಸಾ ಮನ್ಯಾಗ ಹೋಗೂದ್ರಿ. ನಡುಮನಿ ಗ್ವಾಡಿಗೆ ಅವ್ವನ ಫೋಟೋ ಬೇಕ್ರಿ. ಬಾಗಲಾ ಅಷ್ಟ ದೊಡ್ಡದು. ಬಂದ ಮಂದಿ ಮದಲ ಆಕೀನ್ನ ನೋಡ್ಬೇಕು, ಆಮ್ಯಾಲ ನೆಲದ ಫರಸಿ ನೋಡ್ಬೇಕು.”

“ಮಾಡಿಕೊಡ್ತಾರ ಬಿಡಪಾ,” ಎಂದು ಸುವರ್ಣಾ ಫೋನು ಕಸಿದುಕೊಂಡು ನನ್ನ ಪರವಾಗಿ ವಚನ ಕೊಟ್ಟಳು. ಫೋನಿಟ್ಟು ನನ್ನ ಕಡೆ ತಿರುಗಿದಳು. “ಅವತ್ತ ಅವ್ವ ಸ್ಟೂಲಿನ ಮ್ಯಾಲೆ ಕುಂತಾಗ ನೀವು ಆಕೀದು ಬರೇ ಒಂದ ಫೋಟೋ ತಗದಿರೇನು? ಮದವ್ಯಾಗ ಒಂದ ಅಕ್ಕಿಕಾಳ ಬಿದ್ರ ಹತ್ತ ಫೋಟೋ ತಗಿಯಾವ್ರು ನೀವು. ಅಲ್ಲೆ ಇನ್ನೂ ಇರ್ತಾವ. ನಾನ ಕೂತು ಹುಡುಕ್ತೇನಿ.”

“ಹುಡುಕು, ಹುಡುಕು,” ಎಂದೆ, ಬಹಳ ಧೈರ್ಯದಿಂದ. ಆ ಧೈರ್ಯ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಓದುಗರು ಇದನ್ನು ಸಿಂದಗಿಯಲ್ಲಿ ಯಾರಿಗೂ ಹೇಳಬಾರದು.

ನನ್ನ ಅತ್ತೆ ಇಂದ್ರಾಬಾಯಿ ಪ್ರತಿ ವಾರ ಸಂತೆಗೆ ಸಿಂದಗಿಗೆ ಬರುತ್ತಿದ್ದರು. ಸಂತೆ ಮುಗಿಸಿ ನಮ್ಮ ಸ್ಟುಡಿಯೋದ ಸ್ಟೂಲಿನ ಮೇಲೆ ಕೂಡುತ್ತಿದ್ದರು. ‘ಅವ್ವನ್ದೊಂದು ಫೋಟೋ ತಗೀರಿ’ ಎಂದು ಸುವರ್ಣಾ ಹೇಳಿದಾಗಲೆಲ್ಲ ಅತ್ತೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕ್ಯಾಮೆರಾದ ಕಡೆ ಮುಖ ಇಟ್ಟು ಕಾಯುತ್ತಿದ್ದರು. ನಾನು ‘ಇವತ್ತ ಗಿರಾಕಿ ಭಾಳ ಅದಾರ, ಮುಂದಿನ ಸಂತಿಗೆ’ ಎನ್ನುತ್ತಿದ್ದೆ. ಫೋಟೋ ತೆಗೆಯುವವರ ಮನೆಯಲ್ಲಿ ಹೀಗೆಯೇ. ಹೊರಗಿನವರದು ತಕ್ಷಣ, ಮನೆಯವರದು ಯಾವಾಗ ಬೇಕಾದರೂ ತೆಗೆದರಾಯಿತು. ಅತ್ತೆ ಬೇಜಾರಿಲ್ಲದೆ ‘ಆತು ಬಿಡ್ರಿ ಅಳ್ಯಾರ’ ಎಂದು ಚೀಲ ಹೊತ್ತು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಇನ್ನು ಫೋನಿನಲ್ಲಿ ತೆಗೆಯೋಣವೆಂದರೆ, ಫೋನಿನದು ಫೋಟೋನೇ ಅಲ್ಲ, ಸ್ಟುಡಿಯೋದವನ ಮನೆಯಲ್ಲಿ ಅಂಥ ಅನಾಚಾರ ಕೂಡದು ಎಂದು ನಾನು ಕಟ್ಟಾಜ್ಞೆ ಹೊರಡಿಸಿದ್ದೆ.

ಒಂಬತ್ತು ವರ್ಷದ ಹಿಂದೆ, ಒಂದು ಸಂತೆಯ ಮರುದಿನ, ಅತ್ತೆ ಹೋಗಿಬಿಟ್ಟರು. ಎದೆನೋವು ಎಂದವರು ನೀರು ತರುವಷ್ಟರಲ್ಲಿ ಇರಲಿಲ್ಲ. ಹಣೆಗೆ ಅರಿಷಿಣದ ಭಂಡಾರ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ಕಡೆಯ ಫೋಟೋ ನಾನೇ ತೆಗೆದೆ. ಅದೇ ಮೊದಲನೆಯದೂ ಆಗಿತ್ತು.

ಸುವರ್ಣಾ ಒಂಬತ್ತು ದಿನ ಅತ್ತಳು. ಅವ್ವ ಹೋದಳೆಂದು ಅತ್ತದ್ದಕ್ಕಿಂತ ‘ಫೋಟೋದಾವ್ನ ಮಾಡ್ಕೊಂಡೇನಿ, ನಮ್ಮವ್ವ ಜೀವಂತ ಇದ್ದಾಗಿನ್ದು ಒಂದ ಫೋಟೋ ಇಲ್ಲ’ ಎಂದು ಅತ್ತದ್ದು ಹೆಚ್ಚು. ಆಧಾರ್ ಕಾರ್ಡಿನದು ಒಂದಿತ್ತು. ಅದರಲ್ಲಿ ಅತ್ತೆ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ಹತ್ತನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಕಡೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ಅತ್ತೆಯ ಮುಖವಷ್ಟನ್ನೇ ಕತ್ತರಿಸಿದೆ, ಬಾಯಿ ಮುಚ್ಚಿಸಿದೆ, ಭಂಡಾರ ಒರೆಸಿದೆ, ಹಿಂದೆ ನೀಲಿ ಪರದೆ ಕಟ್ಟಿದೆ. ಕಣ್ಣು ತೆರೆಸಬೇಕಾಗಿತ್ತು. ಮೇಜಿನ ಮೇಲೆ ಸುವರ್ಣಾಳದೇ ಪಾಸ್‌ಪೋರ್ಟ್ ಸೈಜಿನ ಫೋಟೋ ಬಿದ್ದಿತ್ತು, ರೇಷನ್ ಕಾರ್ಡಿಗೆಂದು ತೆಗೆದದ್ದು. ಅದರ ಎರಡೂ ಕಣ್ಣು ತಂದು ಅತ್ತೆಗೆ ಹಚ್ಚಿದೆ. ಮೂಲದ ಫೋಟೋಗಳನ್ನು ಒಂದೂ ಬಿಡದಂತೆ ಅಳಿಸಿದೆ. ಸಾವಿನ ಫೋಟೋ ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಆಮೇಲೆ ಪರದೆ ಸರಿಸಿ ಒಳಗೆ ಹೋಗಿ ಹೇಳಿದೆ: “ಅಳಬ್ಯಾಡ. ಒಂದೈತಿ. ಅವರು ಸ್ಟೂಲಿನ ಮ್ಯಾಲೆ ಕುಂತಾಗ, ಅವರಿಗೆ ಗೊತ್ತಾಗದಂಗ ತಗದಿದ್ದೆ.”

ಆಕೆ ಆ ಫೋಟೋವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಅಂದಿನಿಂದ ಆ ಫೋಟೋ ನಮ್ಮ ದೇವರ ಜಗಲಿಯ ಮೇಲಿನ ಗೋಡೆಗೆ. ದಿನಾ ಮುಂಜಾನೆ ಊದುಬತ್ತಿ, ಕೈಮುಗಿಯುವುದು, ನಿನ್ನೆಯ ಸುದ್ದಿ ಹೇಳುವುದು. ‘ಅವ್ವ ನನ್ನ ಮನಸಿನ್ಯಾಗಿಂದೆಲ್ಲಾ ತಿಳಕೊಂಡಂಗ ನೋಡ್ತಾಳ್ರಿ’ ಎನ್ನುತ್ತಾಳೆ. ಬಂದ ಬೀಗರೆಲ್ಲ ‘ತಾಯೀ ಕಣ್ಣು ಹಂಗ ಮಗಳಿಗೆ ಇಳದಾವ ನೋಡು’ ಎನ್ನುತ್ತಾರೆ. ಇಳಿಯದೆ ಎಲ್ಲಿಗೆ ಹೋಗುತ್ತವೆ? ಜಗಳ ಎಷ್ಟೇ ಏರಿದರೂ ಒಂದು ಹಂತದಲ್ಲಿ ಆಕೆ ಆ ಫೋಟೋ ನೋಡಿ ‘ಹೋಗ್ಲಿ, ನಮ್ಮವ್ವನ ಫೋಟೋ ತಗದ ಕೈ ಅದು’ ಎಂದು ತಣ್ಣಗಾಗುತ್ತಿದ್ದಳು. ಹಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನ ತಾಟಿಗೇ ಬೀಳುತ್ತಿತ್ತು. ನನ್ನ ಮನೆಯ ಮರ್ಯಾದೆಯೆಲ್ಲ ನಿಂತಿದ್ದು ಆ ಒಂದು ಮೊಳೆಯ ಮೇಲೆ.

ಆದರೂ ಹೆದರಿಕೆ ಇರಲಿಲ್ಲ. ಮೂಲದವು ಅಳಿಸಿಹೋಗಿದ್ದವು, ಉಳಿದದ್ದು ಕಣ್ಣು ತೆರೆದ ಅತ್ತೆ ಮಾತ್ರ. ಸುವರ್ಣಾ ಎಷ್ಟು ಹುಡುಕಿದರೂ ಸಿಗುವುದು ಅದೊಂದೇ. ಆದ್ದರಿಂದಲೇ ಮನಗೂಳಿ ಗಿರಾಕಿ ಕೈತಪ್ಪಿದ ಅವಮಾನಕ್ಕೆ ನಾನು ಮುದ್ದೇಬಿಹಾಳದ ಅಬ್ದುಲರಜಾಕನಿಗೆ ಫೋನು ಹಚ್ಚಿದೆ. ಆತನೂ ನನ್ನಂತೆ ಸ್ಟುಡಿಯೋದವನು, ಆದರೆ ಕಂಪ್ಯೂಟರಿನ ವಿಷಯದಲ್ಲಿ ನಮಗೆಲ್ಲ ಡಾಕ್ಟರು.

“ಸೋಮನಿಂಗಣ್ಣ, ನಿಮ್ಮ ಸಾಫ್ಟ್‌ವೇರ್ ಒಂದೊಂದ ಫೋಟೋ ಪೂರ್ತಿ ಬಿಚ್ಚಿ ಓದಿ, ಅದರಿಂದ ಸಣ್ಣದ ತಯಾರ ಮಾಡಾಕತ್ತೈತ್ರಿ. ಎಷ್ಟಂತ ಮಾಡೀತು ಪಾಪ? ಕ್ಯಾಮೆರಾ ಫೋಟೋ ತಗಿಯೂ ಹೊತ್ತಿಗೇನ ಅದರ ಹೊಟ್ಟ್ಯಾಗ ಒಂದು ಮರಿ ಫೋಟೋ ಇಟ್ಟಿರ್ತೈತಿ. ಹೊಸಾದು ಮಾಡಬ್ಯಾಡ, ಹೊಟ್ಟ್ಯಾಗಿಂದನ ತೋರ್ಸು ಅಂತ ಸೆಟ್ಟಿಂಗಿನ್ಯಾಗ ಒಂದು ಟಿಕ್ ಹೊಡೀರಿ. ಮುಗೀತು.”

“ಇಷ್ಟನ?”

“ಇಷ್ಟರಿ. ಆದ್ರ ಒಂದ ಮಾತ ಲಕ್ಷ್ಯದಾಗ...”

“ಸಾಕ ಬಿಡ ತಮ್ಮಾ, ತಿಳೀತು,” ಎಂದು ಫೋನಿಟ್ಟೆ. ಇಪ್ಪತ್ತಾರು ವರ್ಷ ಅನುಭವದ ಮನುಷ್ಯನಿಗೆ ಎರಡೆರಡು ಮಾತು ಯಾಕೆ?

ಟಿಕ್ ಹೊಡೆದೆ. ಓದುಗರೇ, ಏನು ಹೇಳಲಿ! ಬೂದು ಚೌಕಗಳು ಮಾಯ. ಸ್ಕ್ರೀನ್ ತುಂಬ ಮದುವೆಗಳು ಒಮ್ಮೆಲೇ ಅರಳಿದವು. ಮೌಸಿನ ಗಾಲಿ ತಿರುಗಿಸಿದರೆ ಒಂದು ವರ್ಷ, ಇನ್ನೊಮ್ಮೆ ತಿರುಗಿಸಿದರೆ ಮತ್ತೊಂದು. ಇಡೀ ತಾಲೂಕು ನನ್ನ ಬೆರಳಿನ ಕೆಳಗೆ ಓಡುತ್ತಿತ್ತು.

“ಸುವರ್ಣಾ! ಬಾ ಇಲ್ಲೆ!”

ಆಕೆ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ನೋಡಿದಳು. ಕಣ್ಣಿನಲ್ಲಿ ಅಚ್ಚರಿ. “ಅಯ್ ಶಿವನ! ನೀವ ಮಾಡಿದ್ರೇನ್ರಿ?”

“ಮತ್ತ ಯಾರ?”

“ಸರೀರಿ, ನಾ ಕುಂದ್ರತೇನಿ,” ಎಂದು ನನ್ನ ಕುರ್ಚಿಯಲ್ಲಿ ಕೂತಳು. ನಾನು ಹಿಂದೆ ಕೈಕಟ್ಟಿ, ಎದೆ ಉಬ್ಬಿಸಿ ನಿಂತೆ. ಮದುವೆಯಾದ ಮೇಲೆ ಅಷ್ಟು ಎದೆ ಉಬ್ಬಿಸಿದ್ದು ಅದೇ ಮೊದಲು. ಎರಡು ನಿಮಿಷ ಹಾಗೆಯೇ ಇತ್ತು.

“ಏನ್ರಿ, ಈ ಮಾಸ್ತರರ ತಲ್ಯಾಗಿನ ಕೂದಲ ಎಲ್ಲಿ ಹೋದುವ್ರಿ?”

ಬಗ್ಗಿ ನೋಡಿದೆ. ಇಂಡಿ ತಾಲೂಕಿನ ಒಬ್ಬ ಮಾಸ್ತರರ ನಿವೃತ್ತಿ ಸಮಾರಂಭ. ಅವರ ಬೋಳು ತಲೆಗೆ ನಾನೇ ಕಂಪ್ಯೂಟರಿನಲ್ಲಿ ಕೂದಲು ಬೆಳೆಸಿ ಕೊಟ್ಟಿದ್ದೆ. ಮರಿ ಫೋಟೋದಲ್ಲಿ ತಲೆ ಫಳಫಳ ಹೊಳೆಯುತ್ತಿತ್ತು. ಸುವರ್ಣಾ ಒತ್ತಿದಳು. ದೊಡ್ಡದಾದಾಗ ಕೂದಲಿತ್ತು. ಮುಚ್ಚಿದಳು. ಮತ್ತೆ ಬೋಳು.

“ಇದೇನ ಮಜಾ ಐತಿ!” ಎಂದು ನಗತೊಡಗಿದಳು. “ಈ ಮದಿಮಗಳ ನೋಡ್ರಿ, ಸಣ್ಣದ್ರಾಗ ಕರ್ರಗ ಅದಾಳ, ಒತ್ತಿದ್ರ ಬೆಳ್ಳಗ. ಈ ಬೀಗ ಇದ್ರಾಗ ಕುಡದು ಬಿದ್ದಾನ, ದೊಡ್ಡದ್ರಾಗ ಅವನ ಇಲ್ಲ! ಮರಿ ಎಲ್ಲಾ ಖರೆ ಹೇಳಾಕತ್ತಾವಲ್ರಿ?”

ಪರದೆಯ ಹಿಂದೆ ಹೋಗಿ ಅಬ್ದುಲರಜಾಕನಿಗೆ ಫೋನು ಮಾಡಿದೆ.

“ಅದನ್ನ ಹೇಳಾಕತ್ತಿದ್ದೆನ್ರಿ, ನೀವು ಫೋನ್ ಇಟ್ರಿ,” ಎಂದ ಆತ. “ಹಳೇ ಸಾಫ್ಟ್‌ವೇರಿನ್ಯಾಗ ತಿದ್ದಿದ್ರ ಮ್ಯಾಲಿನ ಫೋಟೋ ಅಷ್ಟ ಬದಲಾಗ್ತೈತಿ. ಹೊಟ್ಟ್ಯಾಗಿನ ಮರಿ, ಕ್ಯಾಮೆರಾ ಏನ ನೋಡಿತ್ತೋ ಅದ ಉಳೀತೈತಿ. ಕತ್ತರಿಸಿದ್ರೂ ಅಷ್ಟ, ಮರಿ ಪೂರ್ತಿ ಇರ್ತೈತಿ. ಯಾಕ್ರಿ, ಏನರ ತ್ರಾಸ ಆತೇನು?”

ನಾನು ಫೋನಿಟ್ಟೆ. ಹೊರಗೆ ಮೌಸಿನ ಗಾಲಿ ಗಿರಗಿರ ತಿರುಗುವ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಸುವರ್ಣಾ ಹದಿನೆಂಟನೆಯ ಇಸವಿಗೆ ಬಂದಿದ್ದಳು. ಅತ್ತೆ ಇದ್ದದ್ದು ಹದಿನಾರರಲ್ಲಿ.

“ಸುವರ್ಣಾ, ಒಲಿ ಮ್ಯಾಲೆ ಏನೋ ಹೊತ್ತಾಕತ್ತೈತಿ.”

“ಒಲಿ ಹಚ್ಚೇ ಇಲ್ಲ.”

“ಬಾಗಲದಾಗ ಯಾರೋ ಬಂದಾರ.”

“ನೀವ ನೋಡ್ರಿ. ಗಿರಾಕಿ ನಿಮ್ಮಾವ್ರು.”

ಹದಿನೇಳು. ಮೇಜಿನ ಕೆಳಗೆ ತೂರಿ ಎಲ್ಲಕ್ಕೂ ಕೂಡಿದ್ದ ಒಂದೇ ಪ್ಲಗ್ ಕಿತ್ತೆ. ಮೇಜಿನ ದೀಪ ಹೋಯಿತು, ಟೇಬಲ್ ಫ್ಯಾನ್ ನಿಂತಿತು, ಕಂಪ್ಯೂಟರ್ ಮಾತ್ರ ನಿಲ್ಲಲಿಲ್ಲ. ಕರೆಂಟ್ ಹೋದಾಗ ಗಿರಾಕಿಗಳ ಕೆಲಸ ಕೆಡಬಾರದೆಂದು ನಾನೇ ಹಟ ಮಾಡಿ ತಂದ ಬ್ಯಾಟರಿ ಡಬ್ಬಿ ಅಲ್ಲಿತ್ತು. ಅದು ಕುಂಯ್ ಕುಂಯ್ ಎಂದು ಇಡೀ ಓಣಿಗೆ ಕೇಳುವಂತೆ ಕೂಗತೊಡಗಿತು. ನಾನು ಮೇಜಿನ ಕೆಳಗಿನಿಂದ ಹೊರಬರಬೇಕೋ ಬೇಡವೋ ಎಂದು ಕೂತಿದ್ದೆ. ಮೌಸಿನ ಸದ್ದು ನಿಂತಿತ್ತು.

ಹೊರಬಂದೆ. ಎರಡು ಬೆರಳಷ್ಟು ಅಗಲದ ಒಂದು ಚೌಕ. ಅದರೊಳಗೆ ದೇವಣಗಾಂವದ ಹಳೆಯ ಮನೆಯ ಗೋಡೆ. ಗೋಡೆಗೆ ಆನಿಸಿ ಕೂಡಿಸಿದ ಇಂದ್ರಾಬಾಯಿ, ಹಣೆಯ ತುಂಬ ಭಂಡಾರ, ಕಣ್ಣು ಮುಚ್ಚಿತ್ತು. ಸುತ್ತ ಹೆಂಗಸರು. ಪಕ್ಕದಲ್ಲಿ ಕೂದಲು ಬಿಚ್ಚಿಕೊಂಡು ಕೂತ ಸುವರ್ಣಾ. ತಲೆ ವಾಲದಂತೆ ತಾಯಿಯ ಗದ್ದವನ್ನು ಬಲಗೈಯಿಂದ ಹಿಡಿದುಕೊಂಡಿದ್ದಳು.

ಸುವರ್ಣಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಚೌಕವನ್ನು ಒತ್ತಿದಳು. ನೀಲಿ ಪರದೆಯ ಮುಂದೆ ಅತ್ತೆ ಕಣ್ಣು ತೆರೆದು ನೋಡಿದರು. ಮುಚ್ಚಿದಳು. ಮತ್ತೆ ಗೋಡೆ, ಭಂಡಾರ, ಕೈ.

“ಇದು ನನ್ನ ಕೈ,” ಎಂದಳು.

ನಾನು ಮೊಣಕಾಲಿಗೆ ಹತ್ತಿದ ಧೂಳು ಜಾಡಿಸಿಕೊಂಡೆ.

“ಎರಡ ತಾಸ ಹಿಡಕೊಂಡಿದ್ದೆ. ಗದ್ದ ತಣ್ಣಗಿತ್ತು. ಬಿಟ್ಟರ ತಲಿ ಬೀಳ್ತೈತಿ ಅಂತ ಬಿಡಲಿಲ್ಲ. ಈ ಕೈ ನೀವು ಅಳಿಸೀರಿ.”

“ಸುವರ್ಣಾ, ನೀ ಅಳೂದು ನೋಡಾಕ ಆಗಲಿಲ್ಲ...”

“ಸ್ಟೂಲಿನ ಮ್ಯಾಲೆ ಕುಂತಾಗ ತಗದೇನಿ ಅಂದ್ರಿ.”

“ಕುಂತಿದ್ದರು. ಅದು ಖರೆ.”

“ಕುಂತಿದ್ದಳು. ವಾರಕ್ಕೊಮ್ಮೆ ಬಂದು ಕುಂತಿದ್ದಳು. ನೀವು ತಗೀಲಿಲ್ಲ. ಅದೂ ಖರೆ.” ಬ್ಯಾಟರಿ ಡಬ್ಬಿ ಇನ್ನೂ ಕೂಗುತ್ತಲೇ ಇತ್ತು. ಅದರ ಮೇಲೆ ಆಕೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. “ಕಣ್ಣ ಯಾರ್ವು?”

ಇಲ್ಲಿಯೂ ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ನುಂಗಿದೆ. “ನಿನ್ನವ.”

ಆಕೆ ನನ್ನನ್ನು ನೋಡಿದಳು, ಅದೇ ಕಣ್ಣುಗಳಿಂದ.

“ಒಂಬತ್ತ ವರ್ಷ ದಿನಾ ಮುಂಜಾನೆ ನನ್ನ ಕಣ್ಣಿಗೆ ನಾನ ಕೈ ಮುಗದೇನಿ? ಅವ್ವ ಕೇಳ್ತಾಳ ಅಂತ ಮನಿ ಸುದ್ದಿ ಎಲ್ಲಾ ಹೇಳೇನಿ. ಕೇಳಾವ್ರು ಯಾರೂ ಇರಲಿಲ್ಲ. ನಾನ ಹೇಳಿದ್ದು, ನಾನ ಕೇಳಿದ್ದು.”

ನನಗೆ ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ. ಸಾವಿನ ಮನೆಗಳಲ್ಲಿ ನೂರಾರು ಸಲ ಕ್ಯಾಮೆರಾ ಹಿಡಿದು ನಿಂತಿದ್ದೇನೆ, ಯಾರ ಅಳುವೂ ನನ್ನನ್ನು ಅಲುಗಾಡಿಸಿರಲಿಲ್ಲ. ಅಲುಗಾಡಿಸಿದ್ದು ಈಗ ಅಳದೆ ಕೂತ ಈ ಒಬ್ಬ ಹೆಂಗಸು. “ತಪ್ಪಾತು,” ಎಂದೆ. ಎರಡನೆಯ ಸಲವೂ ಎಂದೆ.

“ಇದರ ದೊಡ್ಡದ ಎಲ್ಲೈತಿ?” ಎಂದು ಚೌಕದ ಮೇಲೆ ಬೆರಳಿಟ್ಟಳು. “ನನ್ನ ಕೈ ಇದ್ದದ್ದು.”

“ಅಳಿಸೇನಿ.”

“ಎಲ್ಲಾ?”

“ಎಲ್ಲಾ. ಇಷ್ಟ ಉಳದೈತಿ. ದೊಡ್ಡದು ಮಾಡಿದ್ರ ಒಡೀತೈತಿ, ಮಾರಿ ಹೋಗಿ ಬರೇ ಚೌಕ ಕಾಣ್ತಾವ.”

“ದೊಡ್ಡದ ಮಾಡಬ್ಯಾಡ್ರಿ. ನೀವು ಏನೂ ಮಾಡಬ್ಯಾಡ್ರಿ. ಇದ್ದಂಗ, ಇದ್ದಷ್ಟ ತಗದು ಕೊಡ್ರಿ.”

ಪ್ಲಗ್ ಹಚ್ಚಿ, ಬ್ಯಾಟರಿಯ ಬಾಯಿ ಮುಚ್ಚಿಸಿ, ಪ್ರಿಂಟ್ ತೆಗೆದುಕೊಟ್ಟೆ. ರೆವೆನ್ಯೂ ಸ್ಟಾಂಪಿಗಿಂತ ತುಸು ದೊಡ್ಡದು. ಆಕೆ ತನ್ನ ಫೋನಿನ ಹಿಂದಿನ ಕವರು ಬಿಚ್ಚಿ ಅದನ್ನು ಒಳಗಿಟ್ಟು ಮುಚ್ಚಿದಳು. ಜಗಲಿಯ ಮೇಲಿನ ಫೋಟೋವನ್ನು ತೆಗೆದು ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಗೋಡೆಯ ಮೇಲೆ ಅದರ ಜಾಗದಲ್ಲಿ ಮೊಳೆಯೊಂದೇ ಉಳಿಯಿತು. ಸೋಮವಾರ ಸಂಗುನ ಹೊಸ ಮನೆಯ ಗೋಡೆಗೂ ಅಷ್ಟೇ ಗತಿ.